ಅನುಭವ ಇಲ್ಲದವರ ಅರ್ಜಿಗಳು



ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಚಿಕ್ಕ ಮಕ್ಕಳಿಗೆ ಇದು ನಗು ತರಿಸುತ್ತದೆ. ಹದಿನಾರು ತುಂಬಿ, ಬೇಸಿಗೆ ರಜೆಗೆ ಒಂದು ಕೆಲಸ ಹುಡುಕಲು ಕುಳಿತವರಿಗೆ ಅಷ್ಟೊಂದು ನಗು ಬರುವುದಿಲ್ಲ. ಯಾವ ಪ್ರಕಟಣೆ ತೆರೆದರೂ ಅನುಭವ ಇದ್ದವರಿಗೆ ಆದ್ಯತೆ ಎಂದಿರುತ್ತದೆ. ಅನುಭವ ಇಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಸಿಗದೆ ಅನುಭವ ಬರುವುದಿಲ್ಲ. ಗಾದೆ ಮಾಡಿದವರಿಗೆ ನಮ್ಮ ಪ್ಲೇನ್‌ಫೀಲ್ಡ್ ಗೊತ್ತಿತ್ತೋ ಏನೋ!

ಇಲಿನಾಯ್‌ನಲ್ಲಿ ಹದಿನಾರಕ್ಕಿಂತ ಚಿಕ್ಕವರು ಕೆಲಸಕ್ಕೆ ಸೇರಬೇಕಾದರೆ ಪರ್ಮಿಟ್ ಬೇಕು, ಹದಿನಾರಾದ ಮೇಲೆ ಬೇಡ. ಹಾಗಾಗಿ ನನ್ನ ವಯಸ್ಸಿನವರ ಬಾಯಲ್ಲಿ ಈಗ ಇದೇ ಮಾತು. ಈಜುಕೊಳ, ಐಸ್‌ಕ್ರೀಮ್ ಅಂಗಡಿ, ಬೇಸಿಗೆ ಶಿಬಿರ, ಗ್ರಂಥಾಲಯ. ಫಾರ್ಮ್ ತುಂಬುವುದು ಯಾರಿಗೂ ಕಷ್ಟವಲ್ಲ. ಅದರ ಜೊತೆ ಕವರ್ ಲೆಟರ್ ಕೇಳಿದರೆ ಮಾತ್ರ ಎಲ್ಲರೂ ಹಿಂದೆ ಸರಿಯುತ್ತಾರೆ. ಫಾರ್ಮಿನಲ್ಲಿ ಜಾಗ ಖಾಲಿ ಬಿಡಬಹುದು, ಪತ್ರವನ್ನು ಖಾಲಿ ಬಿಡಲು ಆಗುವುದಿಲ್ಲವಲ್ಲ.

ನಾನೂ ಗ್ರಂಥಾಲಯದ ಬೇಸಿಗೆ ಕೆಲಸಕ್ಕೆ ಒಂದು ಪತ್ರ ಬರೆಯಬೇಕಿತ್ತು. ಅದಕ್ಕೆ ಮೊದಲು, ಏನೂ ಅನುಭವ ಇಲ್ಲದೆ ಪತ್ರ ಬರೆದು ಗೆದ್ದವರು ಇತಿಹಾಸದಲ್ಲಿ ಯಾರಿದ್ದಾರೆ ಎಂದು ಹುಡುಕಿದೆ. ಇದ್ದಾರೆ. ಇಬ್ಬರು ಕರ್ನಾಟಕದವರೇ. ಒಬ್ಬರು ಮದ್ರಾಸಿನಲ್ಲಿದ್ದವರು. ಇನ್ನೊಬ್ಬ ಐನೂರು ವರ್ಷ ಹಿಂದಿನವನಾದರೂ, ಅವನ ಕುದುರೆಯನ್ನು ನೋಡಲು ನಮ್ಮೂರಿನಿಂದ ಮೂರು, ಮೂರೂವರೆ ಗಂಟೆ ಕಾರಿನಲ್ಲಿ ಹೋದರೆ ಸಾಕು.

ಮೊದಲು ಒಂದು ಮಾತಿನ ವಿಚಾರ. ನಮ್ಮ ಶಾಲೆಯಲ್ಲಿ ಪತ್ರ ಬರೆಯುವ ಪಾಠ ಆಗಿದ್ದವರಿಗೆ ನೆನಪಿರುತ್ತದೆ: 'ಇಂದ', ಅದರ ಕೆಳಗೆ 'ಗೆ', ಆಮೇಲೆ 'ಮಾನ್ಯರೇ', 'ವಿಷಯ', ಕೊನೆಗೆ 'ತಮ್ಮ ವಿಶ್ವಾಸಿ'. ನಾವೆಲ್ಲ ಅಭ್ಯಾಸ ಮಾಡಿದ್ದು ರಜಾ ಅರ್ಜಿ. ಜ್ವರ ಬಂದಿದೆ, ಎರಡು ದಿನ ರಜೆ ಕೊಡಿ. ಅರ್ಜಿ ಎಂಬ ಪದ ಪಾರಸಿಯ ದಾರಿಯಿಂದ ಕನ್ನಡಕ್ಕೆ ಬಂದದ್ದು. ದಾಖಲೆ, ಜಿಲ್ಲೆ, ತಾಲೂಕು ಎಲ್ಲ ಅದೇ ದಾರಿಯಲ್ಲಿ ಬಂದವು. ಅದಕ್ಕಿಂತ ಹಳೆಯ ನಮ್ಮ ಪದ ಬಿನ್ನಹ. ಎರಡರಲ್ಲೂ ಕೇಳುವವನು ಕೆಳಗೆ, ಕೊಡುವವನು ಮೇಲೆ. ಕನ್ನಡದಲ್ಲಿ ಅರ್ಜಿಯನ್ನು 'ಹಾಕುತ್ತೇವೆ', ಭಿಕ್ಷೆಯನ್ನೂ 'ಹಾಕುತ್ತಾರೆ' ಎಂದು ನನ್ನ ಅಜ್ಜ ಫೋನಿನಲ್ಲಿ ತಮಾಷೆ ಮಾಡಿದರು. ಕವರ್ ಲೆಟರ್ ಬರೆಯುವಾಗ ನಮಗೆ ಕಷ್ಟವಾಗುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ರಜಾ ಅರ್ಜಿಯಲ್ಲಿ ನಮ್ಮ ಕಷ್ಟ ಹೇಳಿದರೆ ಸಾಕು. ಕವರ್ ಲೆಟರಿನಲ್ಲಿ ನಾವು ಏನು ಕೊಡುತ್ತೇವೆ ಎಂದು ಹೇಳಬೇಕು.

ಈಗ ಕುದುರೆ. ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಫ್ರೆಡ್ರಿಕ್ ಮೈಯರ್ ಗಾರ್ಡನ್ಸ್ ಎಂಬ ದೊಡ್ಡ ಉದ್ಯಾನವಿದೆ. ಅಲ್ಲಿ 24 ಅಡಿ ಎತ್ತರದ ಕಂಚಿನ ಕುದುರೆಯೊಂದು ಒಂದು ಕಾಲು ಎತ್ತಿಕೊಂಡು ನಿಂತಿದೆ. ಮಾಡಿದವರು ನೀನಾ ಅಕಾಮು ಎಂಬ ಶಿಲ್ಪಿ, ಅಲ್ಲಿ ನಿಲ್ಲಿಸಿದ್ದು 1999ರಲ್ಲಿ. ಹೆಸರು 'ದಿ ಅಮೆರಿಕನ್ ಹಾರ್ಸ್'. ಅದಕ್ಕೆ ಅವಳಿ ಕುದುರೆಯೊಂದು ಇಟಲಿಯ ಮಿಲಾನ್‌ನಲ್ಲಿದೆ. ಎರಡಕ್ಕೂ ಮೂಲ ಒಂದು ಕೆಲಸದ ಅರ್ಜಿ!

ಸುಮಾರು 1482ರಲ್ಲಿ, ಮೂವತ್ತು ವರ್ಷದ ಲಿಯೊನಾರ್ಡೊ ಡಾ ವಿಂಚಿ ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಒಂದು ಪತ್ರ ಸಿದ್ಧಮಾಡಿದ. ಅದರ ಕರಡು ಇಂದಿಗೂ ಉಳಿದಿದೆ. ಫ್ಲಾರೆನ್ಸಿನಲ್ಲಿ ಲಿಯೊನಾರ್ಡೊ ಚಿತ್ರಕಾರ. ಲುಡೊವಿಕೊಗೆ ಬೇಕಾಗಿದ್ದವರು ಯುದ್ಧಕ್ಕೆ ನೆರವಾಗುವವರು. ಹಾಗಾಗಿ ಲಿಯೊನಾರ್ಡೊ ಒಂದೊಂದಾಗಿ ನಂಬರ್ ಹಾಕಿ ಬರೆದ: ಹಗುರವಾದ, ಎತ್ತಿಕೊಂಡು ಹೋಗಬಹುದಾದ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕದ ನೀರು ಬಸಿಯಬಲ್ಲೆ, ಸುಲಭವಾಗಿ ಸಾಗಿಸುವ ಫಿರಂಗಿ ಮಾಡಬಲ್ಲೆ, ಸದ್ದಿಲ್ಲದೆ ಸುರಂಗ ತೋಡಬಲ್ಲೆ, ಮುಚ್ಚಿದ ರಥ ಮಾಡಬಲ್ಲೆ. ಇಷ್ಟೆಲ್ಲ ಹೇಳಿದ ಮೇಲೆ, ಶಾಂತಿಯ ಕಾಲದಲ್ಲಾದರೆ ಕಟ್ಟಡ, ಶಿಲ್ಪ ಮಾಡುತ್ತೇನೆ, ಚಿತ್ರವನ್ನೂ ಬರೆಯುತ್ತೇನೆ ಎಂದು ಕೊನೆಯಲ್ಲಿ ಸೇರಿಸಿದ. ಮೋನಾಲಿಸಾ ಬರೆಯಲಿದ್ದ ಮನುಷ್ಯ!

ಅವನು ಯುದ್ಧದಲ್ಲಿ ಕೆಲಸ ಮಾಡಿದವನಲ್ಲ. ಆದರೂ ಪತ್ರ ಪೂರಾ ಗಾಳಿಯೂ ಅಲ್ಲ. ವೆರೊಕ್ಕಿಯೊ ಎಂಬ ಗುರುವಿನ ಕಾರ್ಯಾಗಾರದಲ್ಲಿ ಬೆಳೆದವನು ಅವನು. ಅಲ್ಲಿ ಚಿತ್ರದ ಜೊತೆಗೆ ಲೋಹ ಕರಗಿಸಿ ಎರಕ ಹೊಯ್ಯುವ ಕೆಲಸವೂ ನಡೆಯುತ್ತಿತ್ತು. ಕಂಚಿನ ವಿಗ್ರಹದ ಎರಕ ನೋಡಿದವನಿಗೆ ಕಂಚಿನ ಫಿರಂಗಿ ಅಷ್ಟು ದೂರದ ವಿಷಯವಲ್ಲ. ನನಗೆ ಹಿಡಿಸಿದ್ದು ಪತ್ರದ ಮುಕ್ತಾಯ. ಇದರಲ್ಲಿ ಯಾವುದಾದರೂ ಅಸಾಧ್ಯ ಎಂದು ನಿಮಗೆ ಕಂಡರೆ, ನಿಮ್ಮ ಉದ್ಯಾನದಲ್ಲೇ ಆಗಲಿ, ನೀವು ಹೇಳಿದ ಬೇರೆ ಜಾಗದಲ್ಲೇ ಆಗಲಿ ಮಾಡಿ ತೋರಿಸುತ್ತೇನೆ ಎಂದು ಅವನು ಬರೆದ. ಹಿಂದೆ ಮಾಡಿದ್ದಕ್ಕೆ ದಾಖಲೆ ಇಲ್ಲದವನು ಮುಂದೆ ಪರೀಕ್ಷೆಗೆ ಒಪ್ಪಿಕೊಂಡ.

ಲುಡೊವಿಕೊನ ತಂದೆಯ ನೆನಪಿಗೆ ಕಂಚಿನ ಕುದುರೆ ಮಾಡಿಕೊಡುತ್ತೇನೆ ಎಂಬ ಮಾತೂ ಆ ಪತ್ರದಲ್ಲಿತ್ತು. ಮಿಲಾನಿನಲ್ಲಿ ಅವನಿಗೆ ಆಶ್ರಯ ಸಿಕ್ಕಿತು, ಹದಿನೇಳು ವರ್ಷದ ಹತ್ತಿರ ಅಲ್ಲಿದ್ದ. ಫಿರಂಗಿಗಿಂತ ಹೆಚ್ಚಾಗಿ ಚಿತ್ರ, ನಾಟಕದ ರಂಗಸಜ್ಜು, ಮತ್ತು ಆ ಕುದುರೆಯ ಕೆಲಸ ಮಾಡಿದ. ಮಣ್ಣಿನ ದೊಡ್ಡ ಮಾದರಿಯೂ ಆಯಿತು. 1494ರಲ್ಲಿ, ಕುದುರೆಗೆಂದು ತೆಗೆದಿಟ್ಟ ಕಂಚು ಫಿರಂಗಿ ಮಾಡಲು ಹೋಯಿತು. 1499ರಲ್ಲಿ ಫ್ರೆಂಚ್ ಸೈನ್ಯ ಬಂದಾಗ ಬಿಲ್ಲುಗಾರರು ಮಣ್ಣಿನ ಕುದುರೆಯನ್ನೇ ಗುರಿ ಮಾಡಿ ಬಾಣ ಬಿಟ್ಟರು. ಅರ್ಜಿಯಲ್ಲಿ ಬರೆದ ಕುದುರೆಗೆ ಐನೂರು ವರ್ಷ ಆದಮೇಲೆ ಕಂಚು ಸಿಕ್ಕಿತು, ಅದೂ ಮಿಷಿಗನ್‌ನಲ್ಲಿ ಒಂದು, ಮಿಲಾನಿನಲ್ಲಿ ಒಂದು. ನೋಡಲು ಹೋಗುವವರು ಮಿಷಿಗನ್ ಗಡಿಯಾರ ನಮಗಿಂತ ಒಂದು ಗಂಟೆ ಮುಂದಿದೆ ಎಂಬುದನ್ನು ಮರೆಯಬೇಡಿ.

ಮಿಲಾನಿನಿಂದ ಮದ್ರಾಸಿಗೆ ಬರೋಣ. ಶ್ರೀನಿವಾಸ ರಾಮಾನುಜನ್ ಅವರ ಹೆಸರು ಗಣಿತದ ಮೇಷ್ಟ್ರುಗಳ ಬಾಯಲ್ಲಿ ಕೇಳಿರುತ್ತೀರಿ. ಅವರು ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು? 1912ರ ಫೆಬ್ರವರಿ 9ರಂದು ಮದ್ರಾಸಿನ ಪೋರ್ಟ್ ಟ್ರಸ್ಟ್ ಕಚೇರಿಗೆ ಬರೆದ ಆ ಪತ್ರ ಬಹಳ ಚಿಕ್ಕದು. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ. ವರೆಗೆ ಓದಿದ್ದೇನೆ, ಕೆಲವು ಅಡಚಣೆಗಳಿಂದ ಓದು ಮುಂದುವರಿಯಲಿಲ್ಲ, ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ, ಈ ಕೆಲಸ ಕೊಟ್ಟರೆ ಸರಿಯಾಗಿ ಮಾಡುತ್ತೇನೆಂಬ ನಂಬಿಕೆ ಇದೆ. ಇಷ್ಟೇ ಅದರ ಸಾರ.

ಆ ಅಡಚಣೆ ಯಾವುದು ಗೊತ್ತೇ? ಗಣಿತ ಬಿಟ್ಟು ಬೇರೆ ಯಾವ ವಿಷಯವನ್ನೂ ಓದದೆ ಕಾಲೇಜಿನ ಪರೀಕ್ಷೆಯಲ್ಲಿ ಫೇಲಾಗಿದ್ದು. ಕೆಲವು ವಾರಗಳ ತಾತ್ಕಾಲಿಕ ಕೆಲಸ ಬಿಟ್ಟರೆ ಕಚೇರಿಯ ಅನುಭವವೂ ಇರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪತ್ರವಾಗಿ ಇದು ಸಾಧಾರಣ. ಆದರೆ ಎರಡು ಒಳ್ಳೆಯ ಅಂಶಗಳಿವೆ. ಓದು ನಿಂತ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದಾರೆ, ಅದರ ಮೇಲೆ ಅಳುತ್ತಾ ಕೂತಿಲ್ಲ. ಎರಡನೆಯದು, ಪತ್ರದ ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಶಿಫಾರಸು ಇಟ್ಟಿದ್ದಾರೆ. ಮಾರ್ಚ್ 1ರಂದು ಕೆಲಸ ಸಿಕ್ಕಿತು, ತಿಂಗಳಿಗೆ 30 ರೂಪಾಯಿ ಸಂಬಳ. ಕಚೇರಿಯಲ್ಲಿ ಅವರ ಮೇಲಿದ್ದ ಎಸ್. ನಾರಾಯಣ ಅಯ್ಯರ್ ಕೂಡ ಗಣಿತ ಬಲ್ಲವರೇ ಆಗಿದ್ದುದು ಅದೃಷ್ಟ.

ಈಗ ಅದೇ ಮನುಷ್ಯ ಹನ್ನೊಂದು ತಿಂಗಳ ನಂತರ ಬರೆದ ಇನ್ನೊಂದು ಪತ್ರ ನೋಡಿ. 1913ರ ಜನವರಿ 16. ಓದುಗ ಕೇಂಬ್ರಿಡ್ಜಿನ ಜಿ.ಎಚ್. ಹಾರ್ಡಿ. ನಾನು ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತ, ವಿಶ್ವವಿದ್ಯಾಲಯದ ಓದು ಆಗಿಲ್ಲ ಎಂದು ಆರಂಭದಲ್ಲೇ ಹೇಳಿಬಿಡುತ್ತಾರೆ. ವಯಸ್ಸು ಸುಮಾರು 23 ಎನ್ನುತ್ತಾರೆ, ನಿಜವಾಗಿ 25 ಆಗಿತ್ತು. ಅದಾದ ಮೇಲೆ ತಮ್ಮ ಬಗ್ಗೆ ಮಾತಿಲ್ಲ, ಪುಟ ಪುಟ ಗಣಿತ. ಹಾರ್ಡಿಯೇ ಮುಂದೆ ನೆನಪಿಸಿಕೊಂಡಂತೆ ಸುಮಾರು 120 ಪ್ರಮೇಯಗಳು. ಹಾರ್ಡಿ ತಮ್ಮ ಗೆಳೆಯ ಲಿಟಲ್‌ವುಡ್ ಜೊತೆ ಕುಳಿತು ಅವನ್ನು ಪರೀಕ್ಷಿಸಿದರು. ಕೆಲವು ಆಗಲೇ ಗೊತ್ತಿದ್ದವು, ಕೆಲವು ತಪ್ಪು, ಕೆಲವನ್ನಂತೂ ಅವರು ಎಲ್ಲೂ ಕಂಡಿರಲಿಲ್ಲ. 1914ರಲ್ಲಿ ರಾಮಾನುಜನ್ ಕೇಂಬ್ರಿಡ್ಜಿಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅರ್ಥವಾದದ್ದು ಇಷ್ಟು. ಮೊದಲನೆಯದರಲ್ಲಿ 'ನಾನು ಮಾಡಬಲ್ಲೆ, ನಂಬಿ' ಎಂದಿದ್ದಾರೆ. ನಂಬಿಸಿದ್ದು ಪ್ರೊಫೆಸರರ ಶಿಫಾರಸು. ಎರಡನೆಯದರಲ್ಲಿ 'ಇಗೋ, ಇಲ್ಲಿದೆ, ನೀವೇ ನೋಡಿ' ಎಂದಿದ್ದಾರೆ. ಓದುಗ ಯಾರನ್ನೂ ನಂಬಬೇಕಾಗಿಲ್ಲ, ಪೆನ್ಸಿಲ್ ತೆಗೆದುಕೊಂಡು ಕುಳಿತರೆ ಸಾಕು.

ಹಾರ್ಡಿಗಿಂತ ಮೊದಲು ರಾಮಾನುಜನ್ ಕೇಂಬ್ರಿಡ್ಜಿನ ಇನ್ನಿಬ್ಬರು ದೊಡ್ಡ ಗಣಿತಜ್ಞರಿಗೂ ಬರೆದಿದ್ದರು, ಬೇಕರ್ ಮತ್ತು ಹಾಬ್ಸನ್. ಅವರಿಂದ ನೆರವು ಸಿಗಲಿಲ್ಲ. ಅರ್ಜಿ ಕಳಿಸಿ ದಿನಕ್ಕೆ ಹತ್ತು ಸಲ ಇನ್‌ಬಾಕ್ಸ್ ನೋಡುವವರು ಈ ಇಬ್ಬರ ಹೆಸರು ನೆನಪಿಟ್ಟುಕೊಳ್ಳಿ.

ಶಿಫಾರಸಿನ ಮಾತು ಬಂದಾಗ ನಮ್ಮ ಶಿಕಾಗೊ ಬಿಟ್ಟರೆ ಹೇಗೆ? 1893ರಲ್ಲಿ ಸರ್ವಧರ್ಮ ಸಮ್ಮೇಳನಕ್ಕೆ ಬಂದ ಸ್ವಾಮಿ ವಿವೇಕಾನಂದರ ಬಳಿ ಯಾವ ಸಂಸ್ಥೆಯ ಪರಿಚಯ ಪತ್ರವೂ ಇರಲಿಲ್ಲ. ಪ್ರತಿನಿಧಿ ಎಂದು ಒಪ್ಪಿಕೊಳ್ಳಲು ಅದು ಬೇಕಿತ್ತು. ಆಗ ಸಮಿತಿಗೆ ಪತ್ರ ಬರೆದು ಕೊಟ್ಟವರು ಹಾರ್ವರ್ಡಿನ ಗ್ರೀಕ್ ಪ್ರೊಫೆಸರ್ ಜಾನ್ ಹೆನ್ರಿ ರೈಟ್. ಇಬ್ಬರ ಪರಿಚಯ ಆಗಿ ಬಹಳ ದಿನವೇನೂ ಆಗಿರಲಿಲ್ಲ. ಒಂದು ವರ್ಷದ ಹಿಂದಷ್ಟೇ ಮೈಸೂರಿನಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರಿಗೆ ಇಲ್ಲಿ ಒಂದು ಕಾಗದ ಬೇಕಾಯಿತು. ಶಾಲೆಯಿಂದ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದೀರಲ್ಲ, ಸೆಪ್ಟೆಂಬರ್ 11ರ ಆ ಭಾಷಣ ನಡೆದದ್ದು ಅದೇ ಕಟ್ಟಡದಲ್ಲಿ.

ಮೈಸೂರಿನ ಇನ್ನೊಬ್ಬರ ಕತೆ ಸ್ವಲ್ಪ ಬೇರೆ. ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ. ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಸೇರಲು ಅರ್ಜಿ ಹಾಕಿದಾಗ, ನಿಮ್ಮ ಚಿತ್ರಗಳಲ್ಲಿ ಬೇಕಾದ ಪ್ರತಿಭೆ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. ಅವರು ಮಹಾರಾಜ ಕಾಲೇಜಿನಲ್ಲಿ ಓದಿಕೊಂಡು, ಅಣ್ಣ ಆರ್.ಕೆ. ನಾರಾಯಣ್ ಅವರ ಕತೆಗಳಿಗೆ 'ದಿ ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದರು. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರು ಮಾಡಿದ ಕನ್ನಡದ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದರು. ಬೊಂಬಾಯಿಯಲ್ಲಿ ಪತ್ರಿಕೆಗಳ ಬಾಗಿಲು ತಟ್ಟುವ ಹೊತ್ತಿಗೆ ಕೈಯಲ್ಲಿ ತೋರಿಸಲು ಅಚ್ಚಾದ ಚಿತ್ರಗಳಿದ್ದವು. ಕಲಾಶಾಲೆಯ ಸರ್ಟಿಫಿಕೇಟನ್ನು ಯಾರು ಕೇಳುತ್ತಾರೆ? ಮನೆಯಲ್ಲಿ ಒಂದು ಹಳೆಯ ಕೊರವಂಜಿ ಇದ್ದರೆ ದಯವಿಟ್ಟು ಶಾಲೆಗೆ ತನ್ನಿ, ನನಗೆ ನೋಡುವ ಆಸೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಪತ್ರ. ಇದು ಪತ್ರ ಕೂಡ ಅಲ್ಲ, ಒಂದು ಅಂಚೆ ಕಾರ್ಡು. ಬರೆದವರು ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಕುಲಕರ್ಣಿ. ನಿಮಗೆಲ್ಲ ಸುಧಾ ಮೂರ್ತಿ ಎಂದು ಗೊತ್ತು. ನಮ್ಮ ಶಾಲೆಯ ಕಪಾಟಿನಲ್ಲಿ ಅವರ ಪುಸ್ತಕಗಳು ಒಂದು ಸಾಲು ತುಂಬ ಇವೆ.

1974. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದಿನ ಕೊನೆಯ ಹಂತದಲ್ಲಿದ್ದರು. ಪುಣೆಯ ಟೆಲ್ಕೊ ಕಂಪನಿ, ಅಂದರೆ ಇವತ್ತಿನ ಟಾಟಾ ಮೋಟರ್ಸ್, ಇಂಜಿನಿಯರುಗಳು ಬೇಕೆಂದು ಹಾಕಿದ ಪ್ರಕಟಣೆ ಗೋಡೆಯ ಫಲಕದಲ್ಲಿ ಕಂಡಿತು. ಬುದ್ಧಿವಂತರು, ಶ್ರಮಪಡುವವರು, ಚೆನ್ನಾಗಿ ಓದಿದವರು ಬೇಕು. ಕೆಳಗೆ ಒಂದು ಸಾಲು: ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ.

ಅವರಿಗೆ ಆ ಕೆಲಸ ಬೇಕೇ ಬೇಕು ಎಂದೇನೂ ಇರಲಿಲ್ಲ. ಮುಂದಿನ ಓದಿಗೆ ಅಮೆರಿಕಕ್ಕೆ ಹೋಗುವ ಯೋಚನೆಯಲ್ಲಿದ್ದರು. ಆದರೂ ಆ ಸಾಲು ಬಿಡಲಿಲ್ಲ. ಒಂದು ಕಾರ್ಡ್ ತೆಗೆದುಕೊಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ಟೆಲ್ಕೊದ ಮುಖ್ಯಸ್ಥರು ಬೇರೆಯವರು ಎಂಬುದು ಆಗ ಅವರಿಗೆ ಗೊತ್ತಿರಲಿಲ್ಲ. ಕಾರ್ಡಿನಲ್ಲಿ ತಮ್ಮ ಅಂಕ, ಪದಕ ಯಾವುದನ್ನೂ ದೊಡ್ಡದು ಮಾಡಲಿಲ್ಲ. ಬರೆದದ್ದು ಟಾಟಾ ಮನೆತನದ ಇತಿಹಾಸ. ಉಕ್ಕು, ರಾಸಾಯನಿಕ, ಬಟ್ಟೆ, ರೈಲು ಎಂಜಿನ್, ಎಲ್ಲದರಲ್ಲೂ ದೇಶಕ್ಕೆ ಮೊದಲು ದಾರಿ ಹಾಕಿದವರು ನೀವು, ನಾನು ಓದುತ್ತಿರುವ ಈ ಸಂಸ್ಥೆಯೂ ನಿಮ್ಮಿಂದಲೇ ಆದದ್ದು, ಅಂಥ ಮನೆಯ ಕಂಪನಿ ಗಂಡು ಹೆಣ್ಣು ಭೇದ ಮಾಡುವುದೇ ಎಂದು ಕೇಳಿದರು. ಆ ಸಂಸ್ಥೆಯ ಚರಿತ್ರೆ ನಿಮಗೆ ಗೊತ್ತಿರಬಹುದು. ಜಮ್‌ಷೇಟ್‌ಜಿ ಟಾಟಾ ಅವರ ಕನಸು, ಮೈಸೂರು ಅರಮನೆ ಕೊಟ್ಟ 371 ಎಕರೆ ಜಾಗ, 1909ರಲ್ಲಿ ಸ್ಥಾಪನೆ. ಹಾಗಾಗಿ ಅದು ಬರಿಯ ಹೊಗಳಿಕೆಯಲ್ಲ. ಓದುಗನಿಗೆ ಅವನ ಮನೆಯ ನಡತೆಯನ್ನೇ ನೆನಪಿಸಿದ್ದು.

ಹತ್ತು ದಿನದೊಳಗೆ ತಂತಿ ಬಂತು. ಪುಣೆಗೆ ಸಂದರ್ಶನಕ್ಕೆ ಬನ್ನಿ, ಹೋಗಿಬರುವ ಖರ್ಚು ಕಂಪನಿಯದು. ಪುಣೆಯಲ್ಲಿ ಸೀರೆ ಅಗ್ಗ ಎಂದು ಹಾಸ್ಟೆಲಿನ ಗೆಳತಿಯರು ತಲಾ 30 ರೂಪಾಯಿ ಕೊಟ್ಟು ಕಳಿಸಿದರಂತೆ! ಇದನ್ನೆಲ್ಲ ಅವರೇ ಬರೆದುಕೊಂಡಿದ್ದಾರೆ. ಸಂದರ್ಶನದಲ್ಲಿ ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ ಮೇಲೆ ಹಿರಿಯರೊಬ್ಬರು ಕಾರಣ ಹೇಳಿದರು. ನಮ್ಮ ಕಾರ್ಖಾನೆಯ ಒಳಗೆ ಹೆಂಗಸರು ಇದುವರೆಗೆ ಕೆಲಸ ಮಾಡಿಲ್ಲ. ಅಂದರೆ ನಮ್ಮ ಗಾದೆಯೇ! ಸೇರಿಸಿಕೊಳ್ಳದ ಕಾರಣ ಅನುಭವ ಇಲ್ಲ, ಅನುಭವ ಇಲ್ಲದ ಕಾರಣ ಸೇರಿಸಿಕೊಳ್ಳುವುದಿಲ್ಲ. ಅವರು ಕೊಟ್ಟ ಉತ್ತರದ ಅರ್ಥ ಇಷ್ಟು: ಎಲ್ಲೋ ಒಂದು ಕಡೆ ಶುರು ಮಾಡಲೇಬೇಕು, ಇಲ್ಲದಿದ್ದರೆ ಯಾವ ಹೆಣ್ಣಿಗೂ ನಿಮ್ಮಲ್ಲಿ ಕೆಲಸ ಮಾಡಲು ಆಗುವುದಿಲ್ಲ. ಟೆಲ್ಕೊದ ಮೊದಲ ಮಹಿಳಾ ಇಂಜಿನಿಯರ್ ಆಗಿ ಅವರು ಸೇರಿದರು.

ಇದನ್ನು ಓದಿ ನೀವೂ ಐಸ್‌ಕ್ರೀಮ್ ಅಂಗಡಿಯ ಮಾಲೀಕರಿಗೆ ಜಗಳದ ಕಾರ್ಡ್ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಅವರ ಮುಂದೆ ಇದ್ದದ್ದು ಅನ್ಯಾಯ, ನಮ್ಮ ಮುಂದೆ ಇರುವುದು ಸಣ್ಣ ತೊಂದರೆ. ಕಾರ್ಡಿನಿಂದ ಕಲಿಯಬೇಕಾದದ್ದು ಬೇರೆ: ಯಾರಿಗೆ ಬರೆಯುತ್ತಿದ್ದೇವೆ ಎಂಬುದನ್ನು ಅವರು ಚೆನ್ನಾಗಿ ತಿಳಿದುಕೊಂಡಿದ್ದರು. ಒಂದೇ ಪತ್ರವನ್ನು ಹೆಸರು ಬದಲಾಯಿಸಿ ಹತ್ತು ಕಡೆ ಕಳಿಸುವವರು ಅದನ್ನು ತಿಳಿಯಲು ಹೋಗುವುದಿಲ್ಲ. ಚಾಟ್‌ಜಿಪಿಟಿ ಕೈಗೆ ಕೊಟ್ಟು ಬರೆಸಿದರೂ ಅಷ್ಟೇ. ನನ್ನ ಮೂವರು ಗೆಳೆಯರ ಪತ್ರಗಳನ್ನು ನೋಡಿದೆ, ಮೂವರೂ ಒಂದೇ ತಾಯಿಯ ಮಕ್ಕಳ ಹಾಗೆ 'ಉತ್ಸಾಹಿ ಮತ್ತು ಶ್ರಮಜೀವಿ' ಆಗಿದ್ದರು.

ಇನ್ನೊಂದು ಪತ್ರದ ವಿಷಯ ಹೇಳಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಮನೆಯ ಕಪ್ಪು ಫೈಲಿನಲ್ಲಿದೆ. ಅಪ್ಪ ಅಮ್ಮಂದಿರಲ್ಲಿ ಕೆಲವರಿಗೆ ಇದು ತಮ್ಮದೇ ಕತೆ ಅನಿಸಬಹುದು. ಅಮ್ಮನ ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ.

ನನ್ನ ಅಮ್ಮ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ, ಮದುವೆಯಾದ ಮೇಲೆ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದರು. ಎಚ್-4ನಲ್ಲಿ ಬಂದವರು ಆಗ ಇಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. 2015ರ ಮೇ 26ರಿಂದ ನಿಯಮ ಬದಲಾಯಿತು. ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಎಚ್-4ನವರೂ ಕೆಲಸದ ಪರವಾನಗಿ ಕೇಳಬಹುದು ಎಂದಾಯಿತು. ಅಮ್ಮನಿಗೆ ಆ ಕಾರ್ಡ್ ಬಂದಾಗ ಕೆಲಸ ಬಿಟ್ಟು ಒಂಬತ್ತು ವರ್ಷ ಆಗಿತ್ತು. ಕಲಿತಿದ್ದ ಸಾಫ್ಟ್‌ವೇರ್ ಹಳೆಯದಾಗಿತ್ತು. ಹತ್ತಿರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ಸಹಾಯಕರ ಕೆಲಸ ಇತ್ತು. ಅದರಲ್ಲಿ ಅನುಭವ ಸೊನ್ನೆ.

ಫೈಲಿನಲ್ಲಿರುವ ಅಮ್ಮನ ಮೊದಲ ಪತ್ರ ರಜಾ ಅರ್ಜಿಯ ಹಾಗಿದೆ. ವೀಸಾ ಹೀಗಿತ್ತು, ಮಗು ಚಿಕ್ಕದಿತ್ತು, ಮಾವನವರಿಗೆ ಹುಷಾರಿರಲಿಲ್ಲ, ಆದ್ದರಿಂದ ಒಂಬತ್ತು ವರ್ಷ ಕೆಲಸ ಮಾಡಲು ಆಗಲಿಲ್ಲ, ಕ್ಷಮಿಸಿ. ಅರ್ಧ ಪುಟ ಕ್ಷಮಾಪಣೆ. ಅದನ್ನೇ ಸ್ವಲ್ಪ ಬದಲಾಯಿಸಿ ಬೇರೆ ಬೇರೆ ಕಡೆ ಕಳಿಸಿದ್ದಾರೆ. ಎಲ್ಲಿಂದಲೂ ಉತ್ತರ ಇಲ್ಲ. ಒಂದು ಭಾನುವಾರ ನಮ್ಮ ಕನ್ನಡ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು ಅಮ್ಮ ಶುಲ್ಕದ ಲೆಕ್ಕ ಬರೆಯುತ್ತಿದ್ದಾಗ, ಪಕ್ಕದಲ್ಲಿದ್ದ ಆಂಟಿಯೊಬ್ಬರು ಕೇಳಿದರಂತೆ: "ಅಲ್ಲ ಕಣ್ರೀ, ನೀವು ಆರು ವರ್ಷದಿಂದ ಮಾಡ್ತಿರೋದು ಇದೇ ಕೆಲಸ ಅಲ್ವಾ?"

ಕೊನೆಯ ಪತ್ರವನ್ನು ಕನ್ನಡಕ್ಕೆ ತಂದರೆ ಹೀಗೆ ಬರುತ್ತದೆ. "ನಾನು ಕಚೇರಿಯಲ್ಲಿ ಲೆಕ್ಕ ಬರೆದಿಲ್ಲ, 2008ರಿಂದ ಸಂಬಳದ ಕೆಲಸದಲ್ಲಿಲ್ಲ. ಆದರೆ ಆರು ವರ್ಷದಿಂದ ಒಂದು ಭಾನುವಾರದ ಶಾಲೆಯ ಶುಲ್ಕ, ಪುಸ್ತಕದ ಖರ್ಚು, ಸಭಾಂಗಣದ ಬಾಡಿಗೆ, ಯುಗಾದಿ ಮತ್ತು ರಾಜ್ಯೋತ್ಸವದ ಊಟದ ಕೂಪನ್ನುಗಳ ಲೆಕ್ಕ ನೋಡಿಕೊಂಡಿದ್ದೇನೆ. ಪ್ರತಿ ಡಿಸೆಂಬರಿನಲ್ಲಿ ಲೆಕ್ಕ ತಾಳೆಯಾಗಿದೆ. ಹಾಳೆಗಳನ್ನು ತಂದು ತೋರಿಸಬಲ್ಲೆ. ನಿಮ್ಮ ಕಚೇರಿಯ ತಂತ್ರಾಂಶದ ಉಚಿತ ತರಗತಿಯನ್ನು ಹೋದ ತಿಂಗಳು ಮುಗಿಸಿದ್ದೇನೆ." ಒಟ್ಟು ಹನ್ನೆರಡು ಸಾಲು. ಆ ಒಂಬತ್ತು ವರ್ಷಕ್ಕೆ ಅರ್ಧ ಸಾಲು. ಸಂದರ್ಶನಕ್ಕೆ ಕರೆದರು. ನಿಜವಾಗಿಯೂ ಹಾಳೆಗಳನ್ನು ತೆರೆದು ನೋಡಿದರು, ಕೂಪನ್ ಎಂದರೇನು ಎಂದು ಕೇಳಿದರು. ಅಮ್ಮ ಈಗಲೂ ಆ ಕೆಲಸದಲ್ಲಿದ್ದಾರೆ, ಅಂದಿಗಿಂತ ಎರಡು ಮೆಟ್ಟಿಲು ಮೇಲೆ.

ಅಮ್ಮನಿಗೆ ರಾಮಾನುಜನ್ ಪತ್ರಗಳ ವಿಷಯ ಗೊತ್ತಿರಲಿಲ್ಲ. ನಾನು ಹೇಳಿದಾಗ, "ನನ್ನ ಹತ್ತಿರ ಪ್ರಮೇಯ ಇರಲಿಲ್ಲ, ಕೂಪನ್ ಇತ್ತು" ಎಂದು ನಕ್ಕರು.

ನಮ್ಮ ಹತ್ತಿರ ಏನಿದೆ ಎಂದು ಯೋಚಿಸಿ. ಬಾಲವರ್ಗದಲ್ಲಿ ಸಹಾಯ ಮಾಡುವವರು ಐದು ವರ್ಷದ ಎಂಟು ಮಕ್ಕಳನ್ನು ಒಂದು ಗಂಟೆ ಕೂರಿಸಿ ಅ, ಆ ಕಲಿಸಿದ್ದೀರಿ. ಬೇಸಿಗೆ ಶಿಬಿರದವರಿಗೆ ಬೇಕಾದದ್ದು ಅದೇ ತಾನೆ? ರಾಜ್ಯೋತ್ಸವದ ದಿನ ಮೈಕ್ ಕೈಕೊಟ್ಟಾಗ ಹಾಡು ನಿಲ್ಲದ ಹಾಗೆ ನೋಡಿಕೊಂಡವರು ಯಾರು? ಊರಿನಿಂದ ಬಂದ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳಿದವರು ಇದ್ದೀರಿ. 'ಶ್ರಮಜೀವಿ' ಎಂದು ಬರೆದರೆ ಯಾರೂ ಪರೀಕ್ಷಿಸಲಾರರು. 'ಎರಡು ವರ್ಷ, ಭಾನುವಾರ ಭಾನುವಾರ, ಎಂಟು ಮಕ್ಕಳು' ಎಂದು ಬರೆದರೆ ನಮ್ಮ ಮೇಷ್ಟ್ರಿಗೆ ಒಂದು ಫೋನ್ ಮಾಡಿ ಕೇಳಬಹುದು. ನನ್ನ ಗ್ರಂಥಾಲಯದ ಪತ್ರದಲ್ಲಿ ನಾನು ಬರೆದದ್ದು ನಮ್ಮ ಶಾಲೆಯ ಪುಸ್ತಕದ ಕಪಾಟನ್ನು ಅಕಾರಾದಿಯಾಗಿ ಜೋಡಿಸಿದ್ದು. ಕನ್ನಡ ವರ್ಣಮಾಲೆಯಲ್ಲಿ ಜೋಡಿಸಿದವನಿಗೆ ಇಪ್ಪತ್ತಾರು ಅಕ್ಷರ ಯಾವ ಲೆಕ್ಕ ಎಂಬ ಸಾಲನ್ನು ಅಮ್ಮ ಹೊಡೆದು ಹಾಕಿದರು. ಜಂಬ ಆಯಿತಂತೆ.

ಒಂದು ಎಚ್ಚರಿಕೆಯ ಮಾತು. ನಾನು ಹೇಳಿದ್ದೆಲ್ಲ ಗೆದ್ದ ಪತ್ರಗಳು. ಸೋತ ಪತ್ರಗಳನ್ನು ಯಾರು ಜೋಪಾನ ಮಾಡುತ್ತಾರೆ? ಅದೇ 1974ರಲ್ಲಿ ಅಂಥದೇ ಕಾರ್ಡ್ ಬರೆದು ಉತ್ತರ ಬಾರದ ಹುಡುಗಿಯರೂ ಇದ್ದಿರಬಹುದು. ಪತ್ರವನ್ನು ಓದಿದ ಟಾಟಾ, ಓದಿದ ಹಾರ್ಡಿ ಇಲ್ಲದಿದ್ದರೆ ಈ ಕತೆಗಳೂ ಇಲ್ಲ. ಈಗ ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಕಂಪ್ಯೂಟರ್ ಓದುವುದೂ ಉಂಟು. ಅದೃಷ್ಟಕ್ಕೆ ಊರಿನ ಗ್ರಂಥಾಲಯ, ಅಂಗಡಿ, ಶಿಬಿರಗಳಲ್ಲಿ ಇನ್ನೂ ಮನುಷ್ಯರೇ ಓದುವುದು ಹೆಚ್ಚು. ಸಾಧ್ಯವಿದ್ದರೆ ಪತ್ರವನ್ನು ಕೈಯಲ್ಲೇ ಕೊಟ್ಟು, ಹೆಸರು ಹೇಳಿ ಬನ್ನಿ.

ಬೇಸಿಗೆ ಕೆಲಸಗಳಿಗೆ ಈಗಲೇ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ. ಈ ತಿಂಗಳ ಎಲ್ಲ ಭಾನುವಾರ, ತರಗತಿ ಮುಗಿದ ಮೇಲೆ ಅರ್ಧ ಗಂಟೆ, ಅಮ್ಮ ಮತ್ತು ನಾನು ಪುಸ್ತಕದ ಕಪಾಟಿನ ಪಕ್ಕದ ಮೇಜಿನ ಬಳಿ ಇರುತ್ತೇವೆ. ಪತ್ರ ಬರೆದವರು ಪತ್ರ ತನ್ನಿ, ಬರೆಯದವರು ಒಂದು ಖಾಲಿ ಹಾಳೆ ಮತ್ತು ಪೆನ್ಸಿಲ್ ತನ್ನಿ. ದೊಡ್ಡವರೂ ಬರಬಹುದು. ಅಮ್ಮನ ಮೊದಲ ಪತ್ರ ಮತ್ತು ಕೊನೆಯ ಪತ್ರ, ಎರಡನ್ನೂ ಮೇಜಿನ ಮೇಲೆ ಇಟ್ಟಿರುತ್ತೇವೆ.